ಅತ್ತೆ ಹೊರಟ ಬೆಳಿಗ್ಗೆ

"ಈ ದಾರಿಯಲ್ಲಿ ಯಾರೂ ಬರುವುದಿಲ್ಲವಾ?"

ನಿಯಾಝ್ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ರಾತ್ರಿಯ ಮಳೆಗೆ ನೆನೆದು ಕೆಸರಾದ ಮರುಭೂಮಿ, ದೂರದಲ್ಲಿ ಚಳಿಗಾಲದ ನಾಲ್ಕಾರು ಡೇರೆಗಳು. ಕಾರಿನ ಮುಂದಿನ ಚಕ್ರಗಳು ಹೂತಿದ್ದವು. ಹಿಂದಿನ ಸೀಟಿನಲ್ಲಿ ಅತ್ತೆ ಕದೀಜಮ್ಮ, ಡಿಕ್ಕಿಯಲ್ಲಿ ಅವರ ಸೂಟ್‌ಕೇಸ್. ಮಂಗಳೂರಿನ ವಿಮಾನ ಹೊರಡಲು ಹೆಚ್ಚು ಹೊತ್ತಿರಲಿಲ್ಲ.

ಅತ್ತೆ ಬಂದು ಎರಡು ತಿಂಗಳು. ಕುವೈತಿನ ಮಹಬೂಲಾದ ಆ ಪುಟ್ಟ ಫ್ಲ್ಯಾಟಿನಲ್ಲಿ ಅಂದಿನಿಂದ ಟಿವಿ ಬಾಯಿ ಮುಚ್ಚಿತ್ತು. ಬೆಳಗಿನ ನಮಾಝಿನಿಂದ ರಾತ್ರಿಯ ನಮಾಝಿನವರೆಗೆ ಅತ್ತೆಯ ಬೈತ್, ರಾಗವೆಳೆದು ಹೇಳುವ ಹಳೆಯ ಪದ್ಯಗಳು. ಎರಡು ತೋಳಿಗೆ ಎರಡು, ಅವಳಿ ಮೊಮ್ಮಕ್ಕಳು. ನಿಯಾಝ್‌ನ ಹಾಸಿಗೆ ಹಾಲ್‌ನ ಮೂಲೆಗೆ ಬಿದ್ದಿತ್ತು. "ಅಳಿಯನ ಮನೆಯಲ್ಲಿ ಅತ್ತೆ ಬೇರು ಬಿಡಬಾರದು ಮೋನೇ" ಎಂದು, ವೀಸಾ ಇನ್ನೂ ಇರುವಾಗಲೇ ಅವರು ಟಿಕೆಟ್ ಮಾಡಿಸಿಕೊಂಡರು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ನಿಲ್ಲಿ ಎನ್ನಲೂ ಇಲ್ಲ. ಇವತ್ತು ಲಿಫ್ಟಿನ ಬಾಗಿಲಲ್ಲಿ ಹೆಂಡತಿ ನಶ್ರಾ ಅತ್ತಳು, ಮಕ್ಕಳು ಅತ್ತವು. ನಿಯಾಝ್ ಸೂಟ್‌ಕೇಸ್ ಹಿಡಿದು ದಡದಡನೆ ಮೆಟ್ಟಿಲಿಳಿದ.

ಹೆದ್ದಾರಿಯಲ್ಲಿ ನೀರು ನಿಂತಿರಬಹುದು, ಪಕ್ಕದ ಮಣ್ಣುದಾರಿ ಹಿಡಿ ಎಂದವರು ಅತ್ತೆ. ಅವನು ಎರಡು ಮಾತಾಡದೆ ತಿರುಗಿಸಿದ. ಹೂತ ಮೇಲೆ ಆ್ಯಕ್ಸಿಲರೇಟರ್ ಒತ್ತಿದ, ಮತ್ತೂ ಒತ್ತಿದ. ಕಾರು ನಮಾಝಿನಲ್ಲಿ ಸುಜೂದ್ ಮಾಡುವವರಂತೆ ಹಣೆಯನ್ನು ನೆಲಕ್ಕೆ ಮುಟ್ಟಿಸಿತು.

ಹೂತ ಕಾರು ಕಂಡರೆ ಇಲ್ಲಿ ಜನರಿಗೆ ಹಬ್ಬ. ಮೊದಲು ಬಂದವನು ಪಿಕಪ್‌ನ ಪಠಾಣ. ನಿಮ್ಮ ಕೆಲಸಕ್ಕೆ ತಡವಾಗುತ್ತದೆ ಭಾಯಿ, ಶುವೈಖ್‌ನಿಂದ ಗೆಳೆಯ ಕ್ರೇನ್ ತರುತ್ತಿದ್ದಾನೆ ಎಂದ ನಿಯಾಝ್. ಪಠಾಣ ಕಿವಿಗೇ ಹಾಕಿಕೊಳ್ಳದೆ ಹಗ್ಗ ಕಟ್ಟಿದ. ಹಗ್ಗ ಕಡಿಯಿತು. ಆಮೇಲೆ ನೀರಿನ ಟ್ಯಾಂಕರ್ ನಿಲ್ಲಿಸಿ ಈಜಿಪ್ಟಿನ ಇಬ್ಬರು ಹಲಗೆ ತಂದರು. ಮುಂದಕ್ಕೆ ಬಿಡು ಎಂದು ಅವರು "ಯಲ್ಲಾ" ಎಂದಾಗ ನಿಯಾಝ್ ಗಾಬರಿಯಲ್ಲಿ ರಿವರ್ಸ್ ಹಾಕಿದ. ಮೂವರಿಗೂ ಕೆಸರಿನ ಸ್ನಾನ. ಮುಖ ಒರೆಸಿಕೊಂಡು ನೋಡಿದರೆ ಹಲಗೆ ಇಲ್ಲ. ಕಾರಿನಿಂದಿಳಿದ ಕದೀಜಮ್ಮ ಅದನ್ನು ಪಕ್ಕಕ್ಕೆಳೆದು ಅದರ ಮೇಲೆ ಕುಳಿತುಬಿಟ್ಟಿದ್ದರು.

"ಇನ್ನು ಏಳಲಿಕ್ಕಾಗುವುದಿಲ್ಲ ಮೋನೇ. ಈ ಹಲಗೆ, ನನ್ನ ಮೊಣಕಾಲು, ಎರಡೂ ಒಂದೇ ಮರ."

ಅಷ್ಟರಲ್ಲಿ ಡೇರೆಯ ಕಡೆಯಿಂದ ದೊಡ್ಡ ಜೀಪ್ ಬಂತು. ಇಳಿದವರು ಬಿಳಿಗಡ್ಡದ ಕುವೈತಿ ಅಜ್ಜ. ಹರೆಯದಲ್ಲಿ ವ್ಯಾಪಾರಕ್ಕೆ ಮುಂಬೈಗೆ ಹೋಗಿಬರುತ್ತಿದ್ದವರಂತೆ, ಹಿಂದಿ ಸಲೀಸು. ಕದೀಜಮ್ಮನಿಗೂ ಗಂಡನ ಮುಂಬೈ ಅಂಗಡಿಯ ಕಾಲದ ಹಿಂದಿ ಇತ್ತು. ಅಜ್ಜ ಅವರಿಗೆ ಕಂಬಳಿ ಹೊದಿಸಿ, ಜೀಪಿನಲ್ಲಿ ಕೂರಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು. ಹಳೆಯ ಗಲ್ಲಿಗಳ ಮಾತು ಬಂದಿರಬೇಕು. ಅಜ್ಜ ಹೊಟ್ಟೆ ಹಿಡಿದು ನಕ್ಕರು, ತಲೆಯಾಡಿಸಿದರು.

ಆಮೇಲೆ ಸರಪಳಿ ಬಿಗಿದು ಒಂದೇ ಎಳೆತ. ಅಲ್ಲಾಡುತ್ತಿದ್ದ ಹಲ್ಲು ಬಂದಂತೆ ಕಾರು ಹೊರಬಂತು. ಪಠಾಣ ಶಿಳ್ಳೆ ಹಾಕಿದ, ಟ್ಯಾಂಕರಿನವರು ಕೆಸರಿನಲ್ಲೇ ಕುಣಿದರು. ಈಗಲೇ ಹೊರಟರೆ ವಿಮಾನ ಸಿಗುತ್ತದೆ, ಅಲ್‌ಹಮ್ದುಲಿಲ್ಲಾಹ್ ಎಂದರು ಎಲ್ಲರೂ. ಕೊನೆಯಲ್ಲಿ ನಿಯಾಝ್ ಕೂಡ.

ಅತ್ತೆ ಕಾರು ಹತ್ತುವಾಗ ಅವನು ಅಜ್ಜನನ್ನು ಜೀಪಿನ ಮರೆಗೆ ಕರೆದ. ಧನ್ಯವಾದ ಹೇಳುತ್ತಾನೆಂದು ಅಜ್ಜ ಮೊದಲೇ ಬೇಡ ಬೇಡ ಎಂದು ಕೈಯಾಡಿಸಿದರು.

"ಬಾಬಾ, ಇವರ ಪದ್ಯ ಕೇಳದೆ ನನ್ನ ಮಕ್ಕಳು ಕಣ್ಣು ಮುಚ್ಚುವುದಿಲ್ಲ. ನಾನೂ ಅಷ್ಟೇ. ನಿಲ್ಲಿ ಎಂದು ಅತ್ತೆಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ವಿಮಾನ ಹಾರುವವರೆಗೆ ಗಾಡಿಯನ್ನು ಮತ್ತೆ ಅದೇ ಗುಂಡಿಗೆ ತಳ್ಳಿಬಿಡಿ."

"ಇಲ್ಲ" ಎಂದರು ಅಜ್ಜ. "ಗಾಡಿ ಎಳೆಯಲೇಬೇಡ ಭಾಯಿ ಎಂದು ನಿನ್ನ ಅತ್ತೆ ಚಹಾ ಕುಡಿಯುತ್ತಾ ಅಂಗಲಾಚಿದರು. ಅವರಿಗೂ ಹೇಳಿದ್ದು ಇದನ್ನೇ. ಇಲ್ಲ."