ಕಂಬಿಗೆ ಎರಡು ಬಡಿತ

ಕುಶಾಲಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಉತ್ತರ ಕೊಡುತ್ತಿದ್ದ. ಬೆನ್ನ ಹಿಂದಿನ ಸದ್ದು ಯಾವುದೂ ಅವನನ್ನು ತಲುಪುತ್ತಿರಲಿಲ್ಲ. ಅವನು ನಾಪೋಕ್ಲು–ಮಡಿಕೇರಿ ಖಾಸಗಿ ಬಸ್ಸಿನ ಡ್ರೈವರ್. ವಿಷಯ ಗೊತ್ತಿದ್ದದ್ದು ಕಂಡಕ್ಟರ್ ಧರ್ಮಪಾಲನೊಬ್ಬನಿಗೆ. ಧರ್ಮಪಾಲ ಹೋದ ಭಾನುವಾರ ಎದೆನೋವಿನಿಂದ ತೀರಿಕೊಂಡ.

ಧರ್ಮಪಾಲ ಎಂದೂ ಸೀಟಿ ಊದಿದವನಲ್ಲ. ಬಸ್ಸಿನ ಒಳಗೆ ಉದ್ದಕ್ಕೆ ಹಾದು ಡ್ರೈವರ್ ಸೀಟಿನ ಬೆನ್ನಿಗೆ ಸೇರುವ ಕಬ್ಬಿಣದ ಕಂಬಿಗೆ ಕೈಯಲ್ಲಿದ್ದ ಸ್ಟೀಲಿನ ಕಡಗದಿಂದ ಬಡಿಯುತ್ತಿದ್ದ. ಒಂದು ಬಡಿದರೆ ನಿಲ್ಲಿಸು, ಎರಡು ಬಡಿದರೆ ಹೊರಡು. ಆ ನಡುಕ ಕುಶಾಲಪ್ಪನ ಬೆನ್ನಿಗೆ ತಾಗುತ್ತಿತ್ತು. ಕಂಬಿಯ ಬಣ್ಣವೆಲ್ಲ ಕಿತ್ತುಹೋಯಿತೆಂದು ಬಸ್ಸಿನ ಮಾಲೀಕ ನಂಜಪ್ಪ ಬೈಯುತ್ತಿದ್ದ, ತಲೆ ಚಿಟ್ಟು ಹಿಡಿಯುತ್ತದೆಂದು ಪ್ರಯಾಣಿಕರು ಗೊಣಗುತ್ತಿದ್ದರು.

"ಸೀಟಿ ಊದಿದ್ರೆ ಹಲ್ಲು ಅಲ್ಲಾಡ್ತದೆ ಧಣಿ. ನೀವು ಹಲ್ಲು ಕಟ್ಟಿಸಿಕೊಡಿ, ಊದ್ತೇನೆ" ಎಂದು ಅವನು ನಗುತ್ತಿದ್ದ. ಅವನು ರಜೆ ಹಾಕಿದ ದಿನ ಕುಶಾಲಪ್ಪನೂ ಹಾಕುತ್ತಿದ್ದ. ಗಂಡ ಹೆಂಡತಿ ಎಂದು ಸ್ಟ್ಯಾಂಡಿನವರು ಗೇಲಿ ಮಾಡುತ್ತಿದ್ದರು. ಹೀಗೆ ಬಸ್ಸು ಓಡಿಸುವುದು ತಪ್ಪೆಂದು ಇಬ್ಬರಿಗೂ ಗೊತ್ತಿತ್ತು. ಒಬ್ಬನಿಗೆ ಮನೆ ನಡೆಯಬೇಕಿತ್ತು, ಇನ್ನೊಬ್ಬನಿಗೆ ಅವನನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಹೊಸ ಕಂಡಕ್ಟರ್ ಲೋಹಿತ್ ಸೀಟಿ ಊದುವವನು. ಕುಶಾಲಪ್ಪ ಕನ್ನಡಿಯನ್ನೇ ನಂಬಿ ಓಡಿಸತೊಡಗಿದ. ಶುಕ್ರವಾರ ಮೂರ್ನಾಡಿನಲ್ಲಿ ಜನ ಇಳಿದರು. ಕುಶಾಲಪ್ಪ ಕನ್ನಡಿ ನೋಡಿದ. ಬಾಗಿಲ ಹತ್ತಿರ ಯಾರೂ ಕಾಣಲಿಲ್ಲ, ಬಸ್ಸು ಎತ್ತಿದ. ಮೆಟ್ಟಿಲ ಮೇಲೆ ಬಗ್ಗಿ ಗೋಣಿಚೀಲ ಎಳೆಯುತ್ತಿದ್ದ ನಿಂಗಮ್ಮ ಎಂಬ ಮುದುಕಿ ರಸ್ತೆಗೆ ಬಿದ್ದಳು. ಲೋಹಿತ್ ಒಂದೇ ಸಮನೆ ಸೀಟಿ ಊದುತ್ತಲೇ ಇದ್ದ. ಮುಂದಿನ ಸೀಟಿನವರೊಬ್ಬರು ಎದ್ದು ಹೋಗಿ ಕುಶಾಲಪ್ಪನ ಭುಜ ಹಿಡಿದು ಅಲ್ಲಾಡಿಸಿದ ಮೇಲೆ ಬಸ್ಸು ನಿಂತಿತು. ಮುದುಕಿಯ ಮೊಣಕಾಲು ತರಚಿತ್ತು, ಅಷ್ಟೆ. ಹಿಂದಿನ ಚಕ್ರ ಅವಳ ಸೆರಗಿನ ಮೇಲೆ ಹೋಗಿತ್ತು.

ಸಂಜೆ ನಾಪೋಕ್ಲು ಸ್ಟ್ಯಾಂಡಿನಲ್ಲಿ ನಂಜಪ್ಪ ಕಾದಿದ್ದ. ಬೈಯಲಿಲ್ಲ.

"ಜೊತೆಗಾರ ಹೋದ ದುಃಖ ಮಾರಾಯ. ಯಾರಿಗಾದ್ರೂ ತಲೆ ನಿಲ್ಲೋದಿಲ್ಲ. ಒಂದು ವಾರ ರಜೆ ಮಾಡಿ ಬಾ."

ಲೋಹಿತ್ ಕೂಡ ತಲೆಯಾಡಿಸಿದ. ಆಗಲಿ ಧಣಿ ಎಂದಿದ್ದರೆ ಕುಶಾಲಪ್ಪನ ಕೆಲಸ ಉಳಿಯುತ್ತಿತ್ತು. ಸ್ಟ್ಯಾಂಡಿನ ಕಂಬದಲ್ಲಿದ್ದ ಶ್ರದ್ಧಾಂಜಲಿ ಫ್ಲೆಕ್ಸನ್ನು ಅವನು ನೋಡಿದ. ಅದರಲ್ಲಿ ಧರ್ಮಪಾಲ ತಲೆ ಬಾಚಿಕೊಂಡು, ಎಂದೂ ಊದದ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ನಿಂತಿದ್ದ.

"ದುಃಖ ಇದೆ. ಆ ಅಜ್ಜಿ ಬಿದ್ದದ್ದು ಅದ್ರಿಂದ ಅಲ್ಲ" ಎಂದ. "ನಾನು ಆ ಕಡೆ ತಿರುಗಿ ನಿಲ್ತೇನೆ. ನೀವು ಹೆಸರು ಹಿಡಿದು ಕರೀರಿ."

ತಿರುಗಿ ನಿಂತ. ನಂಜಪ್ಪ ಕರೆದ. ಮತ್ತೆ ಕರೆದ. ಆಮೇಲೆ ಕೂಗಿದ ಕೂಗಿಗೆ ಎದುರಿನ ಚಹಾದಂಗಡಿಯವನು ಹೊರಗೆ ಬಂದು ನೋಡಿದ. ಕುಶಾಲಪ್ಪ ಬಸ್ಸಿನ ಕಡೆ ಮುಖ ಮಾಡಿ ನಿಂತೇ ಇದ್ದ.

ಸ್ಟ್ಯಾಂಡಿನವರು ಹೇಳಿ ನಗುತ್ತಿದ್ದ ಧರ್ಮಪಾಲನ ಆ ಕಂಬಿ ಬಡಿತ ಯಾಕೆಂದು ಮೊದಲು ಅರ್ಥವಾದದ್ದು ಲೋಹಿತ್‌ಗೆ. ಸುತ್ತಿ ಬಂದು ಅವನ ಎದುರು ನಿಂತ. "ಅಣ್ಣ, ನಾನೂ ಕಂಬಿಗೆ ಬಡೀತೇನೆ. ಕಡಗ ಇಲ್ಲದಿದ್ರೆ ಸ್ಪ್ಯಾನರ್ ಇದೆ. ಯಾರಿಗೂ ಹೇಳೋದು ಬೇಡ."

"ಬೇಡ. ಅವ ಒಂದು ದಿನವೂ ಮರೀಲಿಲ್ಲ. ನೀನು ಮರೆತ ದಿನ ನಾನು ಯಾರನ್ನಾದ್ರೂ ಕೊಲ್ತೇನೆ."

ನಂಜಪ್ಪ ಬಸ್ಸು ಹತ್ತಿದ. ಧರ್ಮಪಾಲನನ್ನು ಮಣ್ಣು ಮಾಡಿದ ಮಾರನೇ ದಿನವೇ ಅವನು ಆ ಕಂಬಿಗೆ ಹೊಸ ಬಣ್ಣ ಹೊಡೆಸಿದ್ದ. ಅದರ ಮೇಲೆ ಕೈಯಾಡಿಸಿದ. ಇಳಿದು ಬಂದಾಗ ಕುಶಾಲಪ್ಪ ಕೀಲಿಕೈಯನ್ನು ಅವನ ಅಂಗೈಯಲ್ಲಿಟ್ಟು, ಊಟದ ಬುತ್ತಿ ಎತ್ತಿಕೊಂಡು ನಡೆದ.

ಫ್ಲೆಕ್ಸಿನಲ್ಲಿದ್ದದ್ದು ಒಬ್ಬನ ಫೋಟೋ. ಆ ವಾರ ಬಸ್ಸು ಕಳೆದುಕೊಂಡದ್ದು ಇಬ್ಬರನ್ನು.