ಮೂರು ನಿಮಿಷದ ಮರಳು

ಮಿಸೆಸ್ ಪ್ಯಾಜೆಟ್ ಎದ್ದು ನಿಂತದ್ದೇ ತಡ, ಪುರಸಭೆಯ ಅಧ್ಯಕ್ಷ ಕ್ಲೈವ್ ಮರಳುಗಡಿಯಾರವನ್ನು ತಿರುಗಿಸಿಟ್ಟ. ಐನೂರು ವರ್ಷದ ಆ ಪುರಭವನದಲ್ಲಿ ಊರವರ ಅಹವಾಲಿಗೆ ಸಿಗುವುದು ಮೂರೇ ನಿಮಿಷ. ನಾಲ್ಕು ವರ್ಷಗಳಿಂದ ಈ ಅಜ್ಜಿಯದು ಒಂದೇ ರಾಗ: ಚರ್ಚಿನ ಏರುದಾರಿಗೆ ಒಂದು ಬೆಂಚು ಹಾಕಿಸಿ. ಕ್ಲೈವ್ ಮರಳು ನೋಡುತ್ತ ಕೂರುತ್ತಿದ್ದನೇ ಹೊರತು ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ.

"ಹೋದ ವಾರ ಬೆಂಚು ಹಾಕ್ಸಾಯ್ತಲ್ಲ! ಇನ್ನು ಅದಕ್ಕೆ ದಿಂಬು ಬೇಕೇನೋ," ಎಂದು ಪಕ್ಕದ ಸದಸ್ಯ ಗೊಣಗಿದ.

ಅಜ್ಜಿ ಚೀಲದಿಂದ ಎಂದಿನ ಕಾಗದ ತೆಗೆಯಲಿಲ್ಲ; ಕೇಕಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ದಿಂಬೇನೂ ಬೇಡಪ್ಪ. ಭಾನುವಾರ ಆ ಬೆಂಚಲ್ಲಿ ಕೂತು ಸುಧಾರಿಸ್ಕೊಂಡೆ. ಆಮೇಲೆ ಮೆಲ್ಲಗೆ ಹತ್ತಿ ನಮ್ಮ ಯಜಮಾನ್ರು ವಿಲ್ಫ್ರೆಡ್ ಸಮಾಧಿ ತನಕ ಹೋದೆ. ಮಣ್ಣು ಮಾಡಿದ ದಿನ ಕಾರಲ್ಲಿ ಕರ್ಕೊಂಡು ಹೋಗಿದ್ರು, ಆಮೇಲೆ ಇದೇ ಮೊದಲು. ನಾಲ್ಕು ವರ್ಷದ ಸುದ್ದಿ ಎಲ್ಲಾ ಹೇಳ್ಬಂದೆ, ನಿಮ್ಮನ್ನ ಬೈದಿದ್ದೂ ಸೇರಿಸಿ. ಥ್ಯಾಂಕ್ಸ್ ಕಣ್ರಪ್ಪ, ಅಷ್ಟೇ."

ಮರಳು ಇನ್ನೂ ಅರ್ಧದಷ್ಟು ಉಳಿದಿತ್ತು. ಕ್ಲೈವ್ ಗಡಿಯಾರವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದ. ಮರಳು ನಿಂತಿತು.

"ಕೂತ್ಕೊಂಡೇ ಹೇಳಿ ಮಿಸೆಸ್ ಪ್ಯಾಜೆಟ್," ಎಂದ. "ಇನ್ನೂ ಏನೇನು ಹೇಳಿದ್ರಿ ವಿಲ್ಫ್ರೆಡ್‌ಗೆ?"