ಹೊಲಿಗೆಯ ಪಕ್ಕದಲ್ಲಿ

"ಒಂದೆಳೆ ದಾರವೂ ಸಡಿಲಾಗಿಲ್ಲ ನೋಡೇ, ಡಾಕ್ಟರ ಕೈ ಅಂದ್ರೆ ಕೈ!" ದರ್ಜಿ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅಂಗಾತ ಮಲಗಿದ್ದ ನಾಯಿಯ ಹೊಲಿಗೆಯನ್ನು ಮೆಚ್ಚಿಕೊಂಡ. ಬಾಬಿನ್ ಎಂಬ ಆ ನಾಯಿಗೆ ಸಂತಾನಹರಣದ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. "ಮತ್ತೆ ಬೆಳಿಗ್ಗೆಯಿಂದ ತಟ್ಟೆ ಮೂಸಿಯೂ ನೋಡಿಲ್ವಲ್ಲ?" ಎಂದಳು ಇಸ್ತ್ರಿ ಮೇಜಿನ ಹಿಂದಿದ್ದ ಹೆಂಡತಿ. "ಗಾಯ ನೆಕ್ಕಬಾರ್ದು ಅಂತ ಕುತ್ತಿಗೆಗೆ ಅಷ್ಟಗಲ ಪ್ಲಾಸ್ಟಿಕ್ ಕಾಲರ್ ಹಾಕಿದ್ರೆ ನಿಂಗೆ ಊಟ ಸೇರುತ್ತಾ?" ಎಂದ ಅವನು.

ಅವಳು ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಬಂದು ಕುಕ್ಕರುಗಾಲಲ್ಲಿ ಕೂತಳು. ಬಟ್ಟೆ ಎಷ್ಟು ಕಾದಿದೆಯೆಂದು ದಿನವೂ ನೋಡುವ ಹಾಗೆ, ಕೈಯ ಹಿಂಬದಿಯನ್ನು ಹೊಲಿಗೆಯ ಪಕ್ಕಕ್ಕೆ ತಾಗಿಸಿದಳು. ಆಮೇಲೆ ನಾಯಿಯ ತೊಡೆಗೆ. ಮತ್ತೆ ಹೊಲಿಗೆಯ ಪಕ್ಕಕ್ಕೆ. "ಹೊಲಿಗೆ ಬಿಡ್ರೀ, ಬಟ್ಟೆ ನೋಡಿ," ಎಂದಳು ಮೆಲ್ಲಗೆ. "ಇಲ್ಲಿ ಸುಡ್ತಿದೆ."

ದರ್ಜಿ ಈಗ ನೋಡಿದ. ಗೆರೆ ಎಳೆದಂತಿದ್ದ ಹೊಲಿಗೆಯ ಎರಡೂ ಬದಿಗೆ ಚರ್ಮ ಕೆಂಪಗೆ ಉಬ್ಬಿ ದಾರವನ್ನೇ ನುಂಗುತ್ತಿತ್ತು. ಕೊನೆಯ ಗಂಟಿನ ಬುಡದಲ್ಲಿ ಹಳದಿ ಕೀವು ಒಸರಿತ್ತು. ಅವನು ಕನ್ನಡಕ ತೆಗೆದ. "ಮಧ್ಯಾಹ್ನ ನೀನು ಮಲಗಿದಾಗ ಕಾಲರ್ ಬಿಚ್ತಿದ್ದೆ ಕಣೇ. ಪಾಪ ಅನ್ನಿಸ್ತು. ಅದು ಅಲ್ಲೇ ಒಂಚೂರು ನೆಕ್ಕೊಳ್ಳೋದು, ನಾನು ಸುಮ್ನಿರ್ತಿದ್ದೆ."

ಬೈಗುಳಕ್ಕೆ ಸಿದ್ಧನಾಗಿ ಅವನು ತಲೆ ತಗ್ಗಿಸಿ ನಿಂತ. ಅವಳು ಇಸ್ತ್ರಿಯ ಸ್ವಿಚ್ ಆರಿಸಿದಳು, ಆಸ್ಪತ್ರೆಯ ಚೀಟಿ ಹುಡುಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಅಂಗಡಿಯ ಬಾಗಿಲನ್ನು ಅರ್ಧ ಎಳೆದಳು. "ನಿಂತ್ಕೊಂಡು ಏನ್ ನೋಡ್ತೀರಿ? ಎತ್ಕೊಳ್ಳಿ," ಎಂದಳು. "ನಿಮ್ಮ ತೋಳಲ್ಲಿದ್ರೆ ಅದು ಹೆದರಲ್ಲ."